ಮುಚ್ಚುವ ಮೊದಲು ಬಿಚ್ಚಿ ನೋಡಿ

ನನ್ನ ಊರು ಉಡುಪಿ ಜಿಲ್ಲೆಯ ಗಂಗೊಳ್ಳಿ. ಬ್ಯಾಂಕ್ ಕೆಲಸಕ್ಕೆ ಅಂತ ಕೇರಳದ ಕಾಸರಗೋಡಿಗೆ ಬಂದೆ. ಕುಂಬಳೆಯ ಹುಡುಗಿಯನ್ನು ಮದುವೆಯಾದೆ. ಈಗ ಇಲ್ಲಿ 14 ವರ್ಷ ಆಯ್ತು. 1956ರ ನವೆಂಬರ್ 1ರವರೆಗೆ ಗಂಗೊಳ್ಳಿಯೂ ಕುಂಬಳೆಯೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಅದೇ ಕಡಲು, ಅದೇ ಮಳೆ, ಅದೇ ಬಂಗುಡೆ ಸಾರು. ಹಾಗಾಗಿ ಎರಡೂ ಕಡೆಯ ರೀತಿ ಒಂದೇ ಅಂದುಕೊಂಡಿದ್ದೆ. ಹಾಗಲ್ಲ ಅಂತ ಗೊತ್ತಾಗಿದ್ದು ಒಂದು ಹಳೇ ದೋಣಿಯಿಂದ.

ಐದು ವರ್ಷದ ಹಿಂದೆ ಹೆಂಡತಿಯ ಸೋದರಮಾವ ನನ್ನನ್ನು ತೋಟದ ಮೂಲೆಗೆ ಕರೆದುಕೊಂಡು ಹೋದರು. ತೆಂಗಿನ ಮಡಲು ಮುಚ್ಚಿದ್ದ ಒಂದು ಹಾಯಿ ದೋಣಿ. 22 ಅಡಿ ಉದ್ದ, ಹೆಬ್ಬಲಸಿನ ಹಲಗೆ. ಅವರ ತಂದೆ ಅದರಲ್ಲಿ ಶಿರಿಯ ಹೊಳೆಯಲ್ಲಿ ತೆಂಗಿನಕಾಯಿ, ಹಂಚು ಸಾಗಿಸುತ್ತಿದ್ದರಂತೆ. "ನಿಮಗೆ ಬೇಕಾದರೆ ಇಟ್ಟುಕೊಳ್ಳಿ, ನನ್ನಿಂದ ಇನ್ನು ಆಗುವುದಿಲ್ಲ" ಅಂದರು. ನನ್ನ ಅಜ್ಜ ಹಾಯಿ ಕಟ್ಟಿ ಕಡಲಿಗೆ ಹೋದವರು. ಬೇಡ ಅನ್ನುವುದಕ್ಕೆ ನನಗೆ ಮನಸ್ಸಾಗಲಿಲ್ಲ.

ನನಗೆ ಸಿಗುವುದು ಭಾನುವಾರ, ಮತ್ತೆ ತಿಂಗಳ ಎರಡನೇ, ನಾಲ್ಕನೇ ಶನಿವಾರ. ಅದರಲ್ಲಿ ಮದುವೆ, ಗೃಹಪ್ರವೇಶ, ಮಗನ ಪರೀಕ್ಷೆ ಎಲ್ಲ ಕಳೆಯಬೇಕು. ಮೊದಲ ವರ್ಷ ಪೂರ್ತಿ ನಾನು ಮಾಡಿದ್ದು ಇಷ್ಟೇ: ಹಳೇ ಬಣ್ಣ ಕೆರೆದೆ, ಉಜ್ಜಿದೆ, ಹೊಸ ಬಣ್ಣ ಹೊಡೆದೆ. ದೋಣಿ ಚಂದ ಕಂಡಿತು. ಒಂದು ದಿನ ಹಲಗೆಯ ಅಂಚಿನಲ್ಲಿ ಒಂದು ಮೊಳೆಯ ಸುತ್ತ ಬಣ್ಣ ಸ್ವಲ್ಪ ಉಬ್ಬಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ. ಅದು ಹಿಡಿಯವರೆಗೆ ಒಳಗೆ ಹೋಯಿತು. ಹೊರಗೆ ಎಳೆದಾಗ ತುದಿಗೆ ಕಪ್ಪಗೆ, ನೆನೆದ ಕಾಫಿ ಚರಟದಂಥ ಮರ ಅಂಟಿತ್ತು. ಯಾವಾಗಲೋ ರಿಪೇರಿ ಮಾಡಿದವರು ತಾಮ್ರದ ಮೊಳೆ ಬಿಟ್ಟು ಕಬ್ಬಿಣದ ಮೊಳೆ ಹೊಡೆದಿದ್ದರು. ಕಬ್ಬಿಣ ತುಕ್ಕು ಹಿಡಿದರೆ ಅದು ಮಾತ್ರ ಹೋಗುವುದಲ್ಲ, ಸುತ್ತಲಿನ ಮರವನ್ನೂ ತಿನ್ನುತ್ತದೆ. ಮೊಳೆಯ ತಲೆ ಮೇಲಿಂದ ಗಟ್ಟಿಯಾಗಿಯೇ ಕಾಣುತ್ತಿತ್ತು.

ಊರಿಗೆ ಫೋನ್ ಮಾಡಿದೆ. ಅಣ್ಣ ಹೇಳಿದ, "ಅದನ್ ಒಲಿಗ್ ಹಾಕ್ ಮರಾಯ, ಒಂದ್ ಫೈಬರ್ ದೋಣಿ ತಕೋ." ಆಗುವುದಿಲ್ಲ ಅಂದೆ. "ಹಂಗಾರೆ ಮೇಲಿಂದ ಫೈಬರ್ ಹೊಡ್ಸ್, ಹತ್ತ್ ವರ್ಷ ಎಂತದೂ ಆತಿಲ್ಲೆ" ಅಂದ.

ಅಣ್ಣನ ಮಾತು ತಪ್ಪು ಅಂತ ನಾನು ಹೇಳುವುದಿಲ್ಲ. ಗಂಗೊಳ್ಳಿ ಬಂದರು. ಅಲ್ಲಿ ದೋಣಿ ಅಂದರೆ ದುಡಿಮೆ. ಒಂದು ದಿನ ದಡದಲ್ಲಿ ನಿಂತರೆ ಹತ್ತು ಮನೆಗೆ ನಷ್ಟ. ಬೇಗ ಮುಚ್ಚು, ಬೇಗ ನೀರಿಗೆ ಇಳಿಸು ಅನ್ನುವುದು ಅಲ್ಲಿ ಸರಿಯಾದ ಲೆಕ್ಕ. ಮಂಗಳೂರು, ಮಲ್ಪೆಯ ಮೀನು ಇಳಿಸುವ ಧಕ್ಕೆಯಲ್ಲೂ ಇದೇ ಮಾತು ಕೇಳುತ್ತೇವೆ. ಆದರೆ ನನ್ನ ದೋಣಿಯ ಮೇಲೆ ಯಾರ ಹೊಟ್ಟೆಪಾಡೂ ನಿಂತಿರಲಿಲ್ಲ. ನನಗೆ ಅವಸರ ಬೇಕಿರಲಿಲ್ಲ. ಆದರೂ ಊರಿನ ಅವಸರವನ್ನು ನಾನು ಇಲ್ಲಿಗೆ ತಂದೆ.

ಫೈಬರ್ ಕೆಲಸದವರೊಬ್ಬರು ಮೇ ತಿಂಗಳ ಕೊನೆಗೆ ಬಂದು ಎರಡೇ ದಿನದಲ್ಲಿ ತಳಕ್ಕೆ ಪೂರ್ತಿ ಪದರ ಹಾಕಿ ಹೋದರು. ಮರ ಒಣಗಿದೆಯಾ ಅಂತ ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಒದ್ದೆ ಮರಕ್ಕೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಫೈಬರ್ ಹಾಗೆ ಮಾಡುವುದಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳ ಎದ್ದ ಹಾಗೆ ಅಲ್ಲಲ್ಲಿ ಎದ್ದಿತು. ಕೈಯಿಂದ ಎಳೆದರೆ ಹಾಳೆ ಹಾಳೆಯಾಗಿ ಬಂತು. ಅಡಿಯಲ್ಲಿ ಮರ ಬೆವರಿದ ಹಾಗೆ ಒದ್ದೆ. ಉಪ್ಪು ನೀರು ಮರವನ್ನು ಅಷ್ಟು ಬೇಗ ಕೊಳೆಸುವುದಿಲ್ಲ, ಕೊಳೆಸುವುದು ನಿಂತ ಮಳೆನೀರು. ಅದನ್ನೇ ನಾನು ದುಡ್ಡು ಕೊಟ್ಟು ಒಳಗೆ ಕೂಡಿಹಾಕಿದ್ದೆ. ಆ ವಾರ ಮನೆಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಮಾವ ಒಬ್ಬ ಹಿರಿಯ ಆಚಾರಿಯವರನ್ನು ಕರೆತಂದರು. ಅವರ ಮಾತು ಅರ್ಧ ಮಲಯಾಳ, ಅರ್ಧ ತುಳು, ನನಗೋಸ್ಕರ ಸ್ವಲ್ಪ ಕನ್ನಡ. ಬಂದವರು ಅಳತೆ ತೆಗೆಯಲಿಲ್ಲ, ರೇಟು ಹೇಳಲಿಲ್ಲ. ಉಳಿಯ ಹಿಡಿಯಿಂದ ತಳವನ್ನು ಅಡಿ ಅಡಿಗೂ ತಟ್ಟುತ್ತಾ ಕಿವಿ ಕೊಟ್ಟು ಕೇಳಿದರು. ಕೊನೆಗೆ, "ಇದನ್ನು ಮಗುಚಿ ಹಾಕಿ, ಕೆಳಗಿನ ಹಲಗೆ ಬಿಚ್ಚಬೇಕು. ನೋಡದೆ ಎಂತ ಹೇಳುವುದು?" ಅಂದರು.

ಮಗುಚಲು ಹತ್ತು ಜನ ಬೇಕು. ಟ್ರಾಲರ್ ಬೋಟಿಗೆ ಹೋಗುವ ಹುಡುಗರು ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾದ ಮೇಲೆ ಬರುತ್ತೇವೆ ಅಂದರು. ನಾನು ಊರಿನ ಲೆಕ್ಕದಲ್ಲಿ ಜೂನ್ 1ರಿಂದ ಒಂದು ವಾರ ರಜೆ ಹಾಕಿದೆ. ಕರ್ನಾಟಕದಲ್ಲಿ ನಿಷೇಧ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಕೇರಳದಲ್ಲಿ ಅದು 52 ದಿನ, ಶುರುವಾಗುವುದು ಜೂನ್ 9ರ ಮಧ್ಯರಾತ್ರಿ! ರಜೆ ಪೂರ್ತಿ ಮಳೆ ನೋಡುತ್ತಾ ಕೂತೆ. 10ನೇ ತಾರೀಕು ನಾನು ಕೌಂಟರಿನಲ್ಲಿದ್ದಾಗ ಫೋನಿಗೆ ಒಂದು ಫೋಟೋ ಬಂತು. ಹನ್ನೊಂದು ಜನ ಸೇರಿ ದೋಣಿಯನ್ನು ಮಗುಚಿ, ಹಳೇ ಟಯರಿನ ಮೇಲೆ ಕೂರಿಸಿ, ಮೇಲೆ ಟಾರ್ಪಾಲು ಕಟ್ಟಿದ್ದರು. ನಾನು ಕೇಳಿದ್ದು ಮಗುಚಲು ಮಾತ್ರ. ಟಾರ್ಪಾಲು ಅವರದ್ದೇ. ದುಡ್ಡು ಕೊಡಲು ಹೋದರೆ ಚಹಾಕ್ಕೆ ಮಾತ್ರ ತೆಗೆದುಕೊಂಡರು.

ಇದನ್ನು ನಾನು ಊರಿಗೆ ಹೋದಾಗೆಲ್ಲ ಹೇಳುತ್ತೇನೆ. ಕಾಸರಗೋಡು ಜಿಲ್ಲೆಯ ದಕ್ಷಿಣಕ್ಕೆ ತೇಜಸ್ವಿನಿ ಹೊಳೆಯಲ್ಲಿ ದೋಣಿ ಪಂದ್ಯ ನಡೆಯುತ್ತದೆ. ಅಲ್ಲಿ ಓಡುವುದು ಊರೂರಿನ ಕ್ಲಬ್ಬುಗಳ ದೋಣಿಗಳು. ಮರದ ದೋಣಿ ಕೆಟ್ಟರೆ ಊರಿನವರೇ ಸೇರಿ ನೋಡುವುದು ಇಲ್ಲಿ ಇನ್ನೂ ಉಳಿದಿದೆ. ನಮ್ಮ ಕಡೆ ಇರಲಿಲ್ಲ ಅಂತಲ್ಲ. ರಾಂಪಣಿ ಬಲೆ ಇದ್ದಾಗ ಇಡೀ ಕೇರಿ ಬಲೆ ಎಳೆಯುತ್ತಿತ್ತು, ಮೀನು ಪಾಲಾಗುತ್ತಿತ್ತು. 1970ರ ದಶಕದಲ್ಲಿ ಪರ್ಸೀನ್, ಅಂದರೆ ಯಾಂತ್ರಿಕ ಬೋಟಿನಿಂದ ಸುತ್ತಿ ಹಿಡಿಯುವ ಬಲೆ, ಬಂದ ಮೇಲೆ ಅದು ಹೋಯಿತು. ರಾಂಪಣಿಯ ಜೊತೆಗೆ ದೋಣಿ ಎಲ್ಲರದು ಅನ್ನುವುದೂ ಹೋಯಿತು ಅಂತ ನನಗೆ ಅನಿಸುತ್ತದೆ. ಈಗ ಗಂಗೊಳ್ಳಿಯಲ್ಲಿ ಇದೇ ದೋಣಿ ಮಗುಚಬೇಕಾದರೆ ನಾನು ಕ್ರೇನ್ ಕರೆಸುತ್ತಿದ್ದೆ.

ಇಲ್ಲಿ ಎಲ್ಲವೂ ಸುಲಭ ಅಂತಲೂ ಅಲ್ಲ. ಹರತಾಳ ಬಂದರೆ ಕೆಲಸ ನಿಂತಿತು. ತೆಯ್ಯಂ, ಕೋಲದ ಸಮಯದಲ್ಲಿ ಆಚಾರಿಯವರು ಸಿಗುವುದಿಲ್ಲ.

ಹಲಗೆ ಬಿಚ್ಚಿದಾಗ ನಿಜ ಗೊತ್ತಾಯಿತು. ಹೊರಗಿನಿಂದ ಸೂಜಿ ಚುಚ್ಚಿದಷ್ಟು ಸಣ್ಣ ತೂತುಗಳು. ಒಳಗೆ ಬೆರಳು ಹೋಗುವಷ್ಟು ಸುರಂಗ, ಅದರ ಗೋಡೆಗೆ ತೆಳ್ಳಗೆ ಬಿಳಿ ಸುಣ್ಣದ ಪದರ. ಮರ ಕೊರೆಯುವ ಕಡಲ ಹುಳುವಿನ ಕೆಲಸ. ಹುಳು ಅಂತ ಕರೆಯುತ್ತೇವೆ, ಆದರೆ ಅದು ಮರುವಾಯಿಯ ಸಂಬಂಧಿ, ಚಿಪ್ಪು ಇರುವ ಜೀವಿ. ಮರಿಯಾಗಿದ್ದಾಗ ಸಣ್ಣ ತೂತು ಮಾಡಿ ಒಳಗೆ ಹೋಗುತ್ತದೆ, ಒಳಗೇ ಬೆಳೆಯುತ್ತದೆ. ಹೊರಗೆ ಹತ್ತು ಸಲ ಬಣ್ಣ ಹೊಡೆದರೂ ಕಾಣುವುದಿಲ್ಲ. ಮಾವ ಆ ಹಲಗೆ ಹಿಡಿದು ತುಂಬಾ ಹೊತ್ತು ನೋಡಿದರು. "ಅಪ್ಪ ಇದ್ದಾಗ ಮಳೆಗಾಲಕ್ಕೆ ದೋಣಿಯನ್ನು ಹೊಳೆಯ ಮೇಲಕ್ಕೆ, ಸಿಹಿನೀರಿಗೆ ತೆಗೆದುಕೊಂಡು ಹೋಗಿ ಕಟ್ಟುತ್ತಿದ್ದರು. ಆ ಹುಳ ಸಿಹಿನೀರಲ್ಲಿ ಬದುಕುವುದಿಲ್ಲ. ಆಮೇಲೆ ನಾವು ಬಿಟ್ಟುಬಿಟ್ಟೆವು" ಅಂದರು.

ಮುಂದಿನ ಪೆಟ್ಟು ಅಳತೆಯಿಂದ. ಆಚಾರಿಯವರು ಎಂಟು ಕೋಲು ಉದ್ದದ ಎರಡು ಹಲಗೆ ತರಲು ಹೇಳಿದರು. ನಮ್ಮ ಮನೆಯಲ್ಲಿ ಬಳಸುವುದು ಮೊಳ. ಕೋಲು ಅಂದರೂ ಅದೇ ಇರಬೇಕು, ಒಂದೂವರೆ ಅಡಿ ಅಂದುಕೊಂಡು 12 ಅಡಿಯ ಹಲಗೆ ಕೊಯ್ಸಿ ತಂದೆ. ಬಡಗಿಯವರ ಕೋಲು ಸುಮಾರು 72 ಸೆಂಟಿಮೀಟರ್. ಎಂಟು ಕೋಲಿಗೆ ಹೆಚ್ಚು ಕಡಿಮೆ 19 ಅಡಿ. ಏಳು ಅಡಿ ಕಡಿಮೆ ಬಿತ್ತು. ಹೆಬ್ಬಲಸು ಈಗ ಚಿನ್ನದ ರೇಟು. ಹಲಗೆಯನ್ನು ದೋಣಿಗೆ ಒರಗಿಸಿ ಇಟ್ಟು ಆಚಾರಿಯವರು ಮೆಲ್ಲಗೆ, "ನಿಮ್ಮ ಕೋಲು ಯಾವ ಊರಿನದ್ದು ಸಾರ್?" ಅಂತ ಕೇಳಿದರು. ನನಗೆ ಅಳು ಬಂದಂತಾಯಿತು.

ಅವರು ಹಲಗೆ ವಾಪಸ್ ಕಳಿಸಲಿಲ್ಲ. ಎರಡು ತುಂಡಿನ ತುದಿಯನ್ನೂ ಓರೆಯಾಗಿ ಕೆತ್ತಿ ಒಂದರ ಮೇಲೊಂದು ಕೂರಿಸಿದರು. ಒಂದು ಇಂಚು ದಪ್ಪದ ಹಲಗೆಗೆ ಹನ್ನೆರಡು ಇಂಚಿನ ಓರೆ. ಎರಡು ಭಾನುವಾರ ಅದಕ್ಕೇ ಹೋಯಿತು. ಒಂದು ಎಳೆ ಕೆತ್ತುವುದು, ಸೀಮೆಸುಣ್ಣ ಹಚ್ಚಿ ಕೂರಿಸುವುದು, ತೆಗೆದು ಸುಣ್ಣ ಎಲ್ಲಿ ತಾಗಿದೆ ಅಂತ ನೋಡುವುದು, ಮತ್ತೆ ಕೆತ್ತುವುದು. ಕೊನೆಗೆ ಕಣ್ಣು ಮುಚ್ಚಿ ಬೆರಳು ಆಡಿಸಿದರೆ ಸಂದು ಎಲ್ಲಿದೆ ಅಂತ ತಿಳಿಯಲಿಲ್ಲ. ಇನ್ನೂ ಸಾಕಾಗಲಿಲ್ಲವಾ ಅಂತ ನಾನು ಕೇಳಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ.

ಆಮೇಲೆ ತಾಮ್ರದ ಮೊಳೆ, ಸಂದಿಗೆ ಹತ್ತಿ ಮತ್ತು ರಾಳ, ಮೇಲೆ ಮೀನೆಣ್ಣೆ. ತಳಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ. ಕೈಗವಸು ಹಾಕದೆ ಹಚ್ಚಿದ್ದಕ್ಕೆ ನನ್ನ ಮಣಿಕಟ್ಟು ಗುಳ್ಳೆ ಎದ್ದು ಹದಿನೈದು ದಿನ ಉರಿಯಿತು. ಮಾಡುವವರು ಇದ್ದರೆ ದಯವಿಟ್ಟು ಗಮನಿಸಿ.

ಕಳೆದ ತಿಂಗಳು ದೋಣಿಯನ್ನು ಹೊಳೆಗೆ ಇಳಿಸಿದೆವು. ಹತ್ತು ನಿಮಿಷದಲ್ಲಿ ಮೊಣಕಾಲಿನವರೆಗೆ ನೀರು. ಎಲ್ಲಾ ಸಂದಿಯಿಂದಲೂ ಬರುತ್ತಿತ್ತು. ಐದು ವರ್ಷದ ಕೆಲಸ ಹೊಳೆಪಾಲಾಯಿತು ಅಂತ ನಾನು ದಡದಲ್ಲಿ ಕೂತೆ. ಮಾವ ಮಾತ್ರ, "ಎರಡು ಬೇಸಿಗೆ ಒಣಗಿದ ಮರ ಅಲ್ವಾ, ನೀರು ಕುಡಿಯಲಿ ಬಿಡಿ" ಅಂದರು. ಹತ್ತು ಕೆಂಪು ಕಲ್ಲು ಒಳಗಿಟ್ಟು ನಾವೇ ದೋಣಿಯನ್ನು ಮುಳುಗಿಸಿದೆವು. ಹಗ್ಗವನ್ನು ತೆಂಗಿನ ಮರಕ್ಕೆ ಕಟ್ಟಿದೆವು. ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಯ್ಯನೂ ಹಂಗೇ ಮಾಡ್ತಿದ್ರ್" ಅಂದ.

ಊರಿನವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಹಿತ್ತಿಲಲ್ಲಿ ಹಳೇ ಮರದ ದೋಣಿ ಇದ್ದರೆ ಫೈಬರಿನವರನ್ನು ಕರೆಯುವ ಮೊದಲು ಒಬ್ಬ ಆಚಾರಿಯವರನ್ನು ಕರೆಯಿರಿ. ಒಂದು ಹಲಗೆ ಬಿಚ್ಚಿ ನೋಡಿ. ತಟ್ಟಿ ಕೇಳುವ ಕಿವಿ ಇರುವ ಆಚಾರಿಗಳು ನಮ್ಮ ಕಡೆಯೂ ಇದ್ದಾರೆ, ಆದರೆ ಎಲ್ಲರಿಗೂ ವಯಸ್ಸಾಗಿದೆ. ಅವರನ್ನು ಕರೆಯುವುದನ್ನು ನಾವು ಬಿಟ್ಟಿದ್ದೇವೆ.

ನಾಲ್ಕನೇ ದಿನ ಬ್ಯಾಂಕಿನಿಂದ ನೇರ ಹೊಳೆಗೆ ಹೋದೆ. ಪ್ಯಾಂಟ್ ಮಡಚಿ ನೀರಿಗಿಳಿದು, ಮುಂಚೆ ನಾಣ್ಯ ಹೋಗುವಷ್ಟು ಬಿಟ್ಟಿದ್ದ ಸಂದಿಗೆ ಉಗುರು ಇಟ್ಟು ನೋಡಿದೆ. ಉಗುರು ಹೋಗಲಿಲ್ಲ. ಮರುದಿನ ಕಲ್ಲು ತೆಗೆದು ನೀರು ಬಳಿದೆವು. ಈಗ ದಿನಕ್ಕೆ ಅರ್ಧ ಬಕೆಟ್ ನೀರು ಬರುತ್ತದೆ, ಅಷ್ಟೇ.

ಹಾಯಿ ಕಟ್ಟುವ ಕೂವೆ ಮರ ಸಿದ್ಧವಾಗಿದೆ. ಹಾಯಿ ಆಗಿಲ್ಲ. ಹಳೇದನ್ನು ಇಲಿ ತಿಂದಿದೆ, ಅಳತೆಗೂ ಉಳಿದಿಲ್ಲ. ಹಾಯಿ ಕೈಯಲ್ಲಿ ಹೊಲಿಯುವವರು ಗಂಗೊಳ್ಳಿ, ಮಲ್ಪೆ, ಹೊನ್ನಾವರದ ಕಡೆ ಯಾರಾದರೂ ಗೊತ್ತಿದ್ದರೆ ತಿಳಿಸಿ. ಎರಡನೇ ಶನಿವಾರ ನಾನೇ ಬರುತ್ತೇನೆ.