ಕಾವೇರಮ್ಮ ತಪ್ಪಿಸಿಕೊಂಡು ಹೋದವಳಲ್ಲ

ನಿಮ್ಮ ಲೇಖನದಲ್ಲಿ ತಲಕಾವೇರಿಯ ತೀರ್ಥೋದ್ಭವದ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ಅಗಸ್ತ್ಯರ ಕಮಂಡಲದಿಂದ ಕಾವೇರಿ 'ತಪ್ಪಿಸಿಕೊಂಡು ಹೋದಳು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಕೊಡಗಿನವಳಾದ ನನಗೆ ಚುಚ್ಚಿತು.

ತನ್ನನ್ನು ಒಬ್ಬಳೇ ಬಿಟ್ಟು ಹೋಗಬಾರದು ಅಂತ ಮಾತು ತೆಗೆದುಕೊಂಡೇ ಅವಳು ಅಗಸ್ತ್ಯರನ್ನು ಮದುವೆಯಾಗಲು ಒಪ್ಪಿದ್ದು ಅಲ್ವಾ? ಋಷಿಗಳು ಅವಳನ್ನು ಕಮಂಡಲದಲ್ಲಿ ಬಿಟ್ಟು ಕನಕೆ ಹೊಳೆಗೆ ಸ್ನಾನಕ್ಕೆ ಹೋದರು. ಅವಳು ನೀರಾಗಿ ಹರಿದಳು. ಅದು ನೊಂದು ಹೊರಟದ್ದು.

ನಮ್ಮಜ್ಜಿ ಈ ಕಥೆ ಹೇಳುವಾಗ ಬಲಮುರಿ ಎಂಬ ಊರಿನ ಮಾತು ಬಂದರೆ ಸಾಕು, ದನಿ ತಗ್ಗಿಸುತ್ತಿದ್ದರು. ಅಲ್ಲಿ ಜನ ಅವಳನ್ನು ತಡೆಯಲು ನಿಂತರಂತೆ. ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತಂತೆ. ಕೊಡವ ಹೆಂಗಸರು ಇವತ್ತಿಗೂ ನೆರಿಗೆ ಹಿಂದೆ ಬರುವಂತೆ ಉಡುವುದು ಅದಕ್ಕೇ ಅಂತ ಹೇಳುತ್ತಾರೆ. ಆಮೇಲೆ ಅಜ್ಜಿ ಅಗಸ್ತ್ಯರನ್ನು ನೆನೆದು ಕೇಳುತ್ತಿದ್ದರು: "ಹಿಂದೆಯೇ ಓಡಿ ಬಂದವರಿಗೆ ಹೆಂಡತಿ ಕಣ್ಣೆದುರೇ ಇದ್ದಾಳೆ. ಬೊಗಸೆಯಲ್ಲಿ ಹಿಡಿದರೆ ಸೋರಿ ಹೋಗ್ತಾಳೆ. ಹೇಗಾಗಿರಬೇಕು ಮಗಾ ಆ ಜೀವಕ್ಕೆ?"

ಇನ್ನೊಂದು ಬಗೆಯ ಕಥೆಯಲ್ಲಿ ಅವಳು ಎರಡಾಗುತ್ತಾಳೆ. ಅರ್ಧ ಲೋಪಾಮುದ್ರೆಯಾಗಿ ಗಂಡನ ಜೊತೆ, ಅರ್ಧ ನದಿಯಾಗಿ ಊರೂರಿಗೆ. ನನಗೆ ಇದೇ ಜಾಸ್ತಿ ಸಂಕಟ ಕೊಡುತ್ತದೆ. ಜೊತೆಗಿದ್ದೂ ಪೂರ್ತಿ ಜೊತೆಗಿಲ್ಲ.

ಅಕ್ಟೋಬರ್ 17ರ ಆಸುಪಾಸಿನ ತುಲಾ ಸಂಕ್ರಮಣಕ್ಕೆ ನಮ್ಮ ಮನೆಯವರೆಲ್ಲ ತಲಕಾವೇರಿ ಇರುವ ಬ್ರಹ್ಮಗಿರಿ ಬೆಟ್ಟಕ್ಕೆ ಹೋಗುತ್ತೇವೆ. ಚಳಿ, ಮಂಜು, ನೂಕುನುಗ್ಗಲು. ತೀರ್ಥ ಉಕ್ಕುವ ಗಳಿಗೆಯಲ್ಲಿ ಎಲ್ಲರ ಕಣ್ಣು ಕುಂಡಿಕೆಯ ಮೇಲೆ, ಅಂದರೆ ತೀರ್ಥ ಉಕ್ಕುವ ಆ ಪುಟ್ಟ ಕೊಳದ ಮೇಲೆ. ಅಲ್ಲೇ ಅಗಸ್ತ್ಯೇಶ್ವರನ ಗುಡಿಯೂ ಇದೆ. ನಾನು ಒಮ್ಮೆ ಆ ಕಡೆಗೂ ತಿರುಗಿ ಕೈ ಮುಗಿಯುತ್ತೇನೆ.