ಇತಿಹಾಸದಲ್ಲಿ ಈ ದಿನ, ನಮ್ಮ ಜಿಲ್ಲೆ ಬಿಟ್ಟು

ಬೆಳಿಗ್ಗೆ ಕಣ್ಣು ಬಿಡುವುದರೊಳಗೆ ಮೊಬೈಲಿನಲ್ಲಿ ಇತಿಹಾಸ ಬಂದು ಕೂತಿರುತ್ತದೆ. ಮೇಲೊಂದು ಗುಲಾಬಿ ಹೂವು, ಶುಭೋದಯ, ಕೆಳಗೆ 'ಇತಿಹಾಸದಲ್ಲಿ ಈ ದಿನ'. ಎರಡು ಯುದ್ಧ, ಒಂದು ಒಪ್ಪಂದ, ಒಂದಿಷ್ಟು ಜಯಂತಿ. ನಮ್ಮ ಉತ್ತರ ಕನ್ನಡದಲ್ಲಿ ಕಾರವಾರದಿಂದ ಭಟ್ಕಳದ ತನಕ ಎಲ್ಲ ವಾಟ್ಸಾಪ್ ಗುಂಪಿನಲ್ಲೂ ಅದೇ ಪಟ್ಟಿ. ಓದಿದವರು, ಓದದವರು ಎಲ್ಲರೂ ಕೈ ಮುಗಿಯುವ ಚಿತ್ರ ಹಾಕುತ್ತಾರೆ. ಗಾಂಧಿ ಹುಟ್ಟಿದ್ದಕ್ಕೂ ಅದೇ ಕೈ, ಬಾಂಬ್ ಬಿದ್ದಿದ್ದಕ್ಕೂ ಅದೇ ಕೈ.

ಆಗಸ್ಟ್ 7ರ ಪಟ್ಟಿ ನೋಡಿ. ಎಷ್ಟು ಭರ್ಜರಿ ದಿನ ಅದು! 1905ರಲ್ಲಿ ಕಲ್ಕತ್ತಾದಲ್ಲಿ ಸ್ವದೇಶಿ ಚಳವಳಿ ಘೋಷಣೆ. ಅದರ ನೆನಪಿಗೆ ಈಗ ಕೈಮಗ್ಗ ದಿನ. 1941ರಲ್ಲಿ ರವೀಂದ್ರನಾಥ ಟ್ಯಾಗೋರ್ ನಿಧನ. 1947ರಲ್ಲಿ ಕೋನ್-ಟಿಕಿ ಎಂಬ ಮರದ ತೆಪ್ಪ ಪೆರು ದೇಶದಿಂದ ಹೊರಟು 101 ದಿನ ತೇಲಿ ಪೆಸಿಫಿಕ್ ಸಾಗರದ ಹವಳದ ದಿಬ್ಬಕ್ಕೆ ಬಂದು ತಾಗಿತು. 2021ರಲ್ಲಿ ಟೋಕಿಯೊದಲ್ಲಿ ನೀರಜ್ ಚೋಪ್ರಾ ಅವರ ಭರ್ಜಿಗೆ ಚಿನ್ನ. 2024ರ ಆಗಸ್ಟ್ 7ರ ನಡುರಾತ್ರಿ ಒಂದು ಗಂಟೆ ಹೊತ್ತಿಗೆ ಕಾರವಾರದ ಕಾಳಿ ಸೇತುವೆ ಲಾರಿ ಸಮೇತ ಹೊಳೆಗೆ ಬಿತ್ತಲ್ಲ, ಅದು ಮಾತ್ರ ಪಟ್ಟಿಯಲ್ಲಿಲ್ಲ. ಸೇತುವೆಗೆ ಆಗಿದ್ದು ಬರೀ 41 ವರ್ಷ. ಬಾಳಿ ಬದುಕುವ ವಯಸ್ಸು.

ಅದೇ ಪಟ್ಟಿಯಲ್ಲಿ 1974ರ ಸುದ್ದಿಯೂ ಇದೆ. ಫಿಲಿಪ್ ಪೆಟಿ ಎಂಬ ಫ್ರೆಂಚ್ ಆಸಾಮಿ ನ್ಯೂಯಾರ್ಕಿನ ಅವಳಿ ಗೋಪುರಗಳ ನಡುವೆ ತಂತಿ ಕಟ್ಟಿಕೊಂಡು, ನೆಲದಿಂದ 400 ಮೀಟರ್ ಮೇಲೆ ಸುಮಾರು ಮುಕ್ಕಾಲು ಗಂಟೆ ಓಡಾಡಿದ. ನಡುವೆ ಮಲಗಿಯೂ ತೋರಿಸಿದ. ಅನುಮತಿ ಇಲ್ಲ, ಟೆಂಡರ್ ಇಲ್ಲ, ಇಂಜಿನಿಯರ್ ಸಹಿ ಇಲ್ಲ. ಬೀಳಲಿಲ್ಲ! ನಮ್ಮ ಸೇತುವೆಗೆ ಇವೆಲ್ಲ ಇತ್ತು. ರಾಷ್ಟ್ರೀಯ ಹೆದ್ದಾರಿ 66 ಎಂಬ ಬಿರುದೂ ಇತ್ತು. ಲಾರಿ ಚಾಲಕನನ್ನು ಪೊಲೀಸರೂ ಮೀನುಗಾರರೂ ಸೇರಿ ಬದುಕಿಸಿದರು. ಮೀನುಗಾರರ ದೋಣಿಗೆ ಯಾವ ನಂಬರಿನ ಹೆದ್ದಾರಿಯೂ ಬೇಕಿರಲಿಲ್ಲ.

ಪೆಟಿ ಮೇಲೆ ಕೇಸು ಹಾಕಿದರು. ಕೊನೆಗೆ, ಮಕ್ಕಳಿಗೆ ಪಾರ್ಕಿನಲ್ಲಿ ಪುಕ್ಕಟೆ ಆಟ ತೋರಿಸು, ಕೇಸು ಬಿಡುತ್ತೇವೆ ಎಂದರು. ಇಲ್ಲೂ ಹೆದ್ದಾರಿಯವರ ಮೇಲೆ ಕೇಸಾಯಿತು. ಇಲ್ಲೂ ಅಂಥದ್ದೇ ರಾಜಿ ಮಾಡಬಹುದಿತ್ತು. ಜುಲೈ ತಿಂಗಳ ಮಳೆಯಲ್ಲಿ, ತಾವೇ ಕೊರೆಸಿದ ಗುಡ್ಡದ ಬುಡದಲ್ಲಿ, ಶಾಲೆ ಮಕ್ಕಳ ಎದುರು ಒಂದು ಗಂಟೆ ನಿಂತು ತೋರಿಸಿ. ಮಕ್ಕಳು ದೂರ ನಿಂತು ನೋಡಲಿ.

ಇನ್ನು ಟ್ಯಾಗೋರ್. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತೆರಡರ ಹುಡುಗ ಇಲ್ಲಿಗೆ ಬಂದಿದ್ದರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಇದೇ ಕಾಳಿ ಹೊಳೆಯಲ್ಲಿ ಮೇಲೆ ಹೋಗಿ, ಇಳಿತದ ಜೊತೆ ತೇಲಿ ಬಂದು, ಅಳಿವೆಯಲ್ಲಿ ಇಳಿದು, ಮರಳ ಮೇಲೆ ನಡೆದು ಮನೆ ಸೇರಿದರು. ಆಗ ಸೇತುವೆ ಇರಲಿಲ್ಲ. ಅದಕ್ಕೇ ಸುಖವಾಗಿ ತಲುಪಿದರು ಅನ್ನಿಸುತ್ತದೆ. ಇಲ್ಲಿದ್ದಾಗ ಬರೆದ ನಾಟಕದ ಹೆಸರು 'ಪ್ರಕೃತಿಯ ಪ್ರತೀಕಾರ'. ನಮ್ಮ ಟಿವಿಯವರಿಗೂ ಸಾಹೇಬರಿಗೂ ಆ ಹೆಸರು ಬಹಳ ಹಿಡಿಸಿಬಿಟ್ಟಿದೆ. ಗುಡ್ಡ ಕುಸಿದರೆ ಪ್ರಕೃತಿಯ ಮುನಿಸು, ರಸ್ತೆ ಕೊಚ್ಚಿಹೋದರೆ ಪ್ರಕೃತಿಯ ಮುನಿಸು. ನಾಟಕದಲ್ಲಿ ಪ್ರಕೃತಿಯನ್ನು ಗೆದ್ದೆ ಅಂದುಕೊಂಡ ಸನ್ಯಾಸಿಯನ್ನು ಒಬ್ಬ ಪುಟ್ಟ ಹುಡುಗಿ ಮನುಷ್ಯರ ನಡುವೆ ಎಳೆದು ತರುತ್ತಾಳೆ. ಅದರಲ್ಲಿ ಜೆಸಿಬಿ ಪಾತ್ರ ಇಲ್ಲ.

ಅಂದಹಾಗೆ, ಬಂಗಾಳದವರು ಟ್ಯಾಗೋರ್ ಪುಣ್ಯತಿಥಿಯನ್ನು ತಮ್ಮ ಪಂಚಾಂಗದ ಶ್ರಾವಣ 22ಕ್ಕೆ ಮಾಡುತ್ತಾರೆ. ಅಲ್ಲಿಗೆ ಪಟ್ಟಿಯ ಬುಡವೇ ಅಲುಗಿತು. ಏಪ್ರಿಲ್ 23ರ ಕಥೆ ಇನ್ನೂ ಮಜಾ. ಶೇಕ್ಸ್‌ಪಿಯರ್, ಸರ್ವಾಂಟಿಸ್ ಇಬ್ಬರೂ 1616ರ ಆ ದಿನವೇ ಸತ್ತರು, ಎಂಥ ಕಾಕತಾಳೀಯ ಎಂದು ವಿಶ್ವ ಪುಸ್ತಕ ದಿನವನ್ನೇ ಅಂದು ಇಟ್ಟರು. ಆದರೆ ಆಗ ಸ್ಪೇನಿನ ಕ್ಯಾಲೆಂಡರ್ ಬೇರೆ, ಇಂಗ್ಲೆಂಡಿನದು ಬೇರೆ. ನಡುವೆ ಹತ್ತು ದಿನ ವ್ಯತ್ಯಾಸ. ಸಾಲದ್ದಕ್ಕೆ ಸರ್ವಾಂಟಿಸ್ ಹಿಂದಿನ ದಿನವೇ ಸತ್ತು, 23ಕ್ಕೆ ಮಣ್ಣಾಗಿದ್ದಂತೆ. ಶಿರಸಿ ಕಡೆ ಯಾವ ಭಟ್ಟರನ್ನು ಕೇಳಿದ್ದರೂ ಎರಡು ಪಂಚಾಂಗ ತಿರುವಿ ಹಾಕಿ, ಕವಳ ಉಗುಳಿ ಬಂದು, "ಇಲ್ಯ, ಆಗ್ತಿಲ್ಲೆ" ಅಂತಿದ್ದರು.

ಆದರೂ ಪಟ್ಟಿ ಬೇಕು ಅನ್ನುವುದಾದರೆ ನಮ್ಮದನ್ನೂ ಸೇರಿಸಿ ಮಾರಾಯ್ರೆ. ಏಪ್ರಿಲ್ 13 ಅಂದರೆ ಜಲಿಯನ್‌ವಾಲಾ ಬಾಗ್, ಸರಿ, ಮರೆಯಬಾರದ್ದು. 1930ರ ಅದೇ ದಿನ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾಯ್ದೆ ಮುರಿದದ್ದು? ಮೇ 13 ಅಂದರೆ 1998ರ ಪೋಖ್ರಾನ್ ಅಣು ಪರೀಕ್ಷೆ. 1994ರ ಅದೇ ಮೇ 13ಕ್ಕೆ ಕಟ್ಟುತ್ತಿದ್ದ ಕೈಗಾ ಅಣು ವಿದ್ಯುತ್ ಸ್ಥಾವರದ ಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟ್ ಕೆಳಗೆ ಬಿದ್ದದ್ದು? ಆಮೇಲೆ ಅಲ್ಲಿಯದೇ ಒಂದನೇ ಘಟಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಅದು ಪಟ್ಟಿಗೆ ಬಂದೀತು. ಬಿದ್ದದ್ದು ಬರುವುದಿಲ್ಲ.

ಜುಲೈ 16ಕ್ಕೆ ಎಲ್ಲರ ಪಟ್ಟಿಯಲ್ಲೂ ಅಪೊಲೊ 11 ಹೊರಟಿತು. 2024ರಲ್ಲಿ ಅದೇ ದಿನ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೊರಟಿತು. ಹೆದ್ದಾರಿ, ಚಹಾ ಅಂಗಡಿ, ಅಲ್ಲಿ ನಿಂತಿದ್ದವರು, ಟ್ಯಾಂಕರ್ ಎಲ್ಲ ಗಂಗಾವಳಿಗೆ. ಆಚೆ ದಡದ ಉಳುವರೆಯ ಮನೆಗಳಿಗೂ ನೀರು ನುಗ್ಗಿತು. ಹೊಳೆಯೊಳಗಿದ್ದ ಕೇರಳದ ಲಾರಿಯನ್ನು ಮೇಲೆತ್ತಿದ್ದು ಸೆಪ್ಟೆಂಬರ್ 25ಕ್ಕೆ. ಅಪೊಲೊದವರು ಚಂದ್ರನ ಕಲ್ಲು ತಂದು ಮನೆ ಸೇರಲು ಎಂಟು ದಿನ ಸಾಕಾಯಿತು.

ಮಲೆನಾಡಿನ ಹಳ್ಳಿಯವರು ಅಡಕೆ ಮರದ ಕಾಲುಸಂಕವನ್ನು ಮಳೆಗಾಲಕ್ಕೆ ಮುಂಚೆ ಗುದ್ದಿ ನೋಡುತ್ತಾರೆ, ಲಡ್ಡಾಗಿದ್ದರೆ ಬದಲಿಸುತ್ತಾರೆ. ಅದಕ್ಕೆ ಯಾವ ಇಲಾಖೆಯೂ ಇಲ್ಲ. ಇಲಾಖೆ ಇರುವ ಕಡೆ ಯಾರೂ ಗುದ್ದಿ ನೋಡುವುದಿಲ್ಲ. ಬಿದ್ದ ಮೇಲೆ ತನಿಖೆ.

ಜುಲೈ 20 ಬಂದರೆ ಮತ್ತೆ ಅದೇ ಚಂದ್ರ, ಮನುಷ್ಯ ಇಳಿದ ದಿನ. 2022ರ ಜುಲೈ 20ಕ್ಕೆ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಇನ್ನೊಂದು ಶಿರೂರಿನ ಟೋಲ್‌ಗೇಟಿನಲ್ಲಿ ಮಗುಚಿ ನಾಲ್ಕು ಜನ ಸತ್ತರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ನನಗೂ ಬರೆದು ಸಾಕಾಗಿದೆ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂದು ಜನ 2019ರಲ್ಲಿ ಟ್ವಿಟರ್ ತುಂಬ ಕೂಗಿದ್ದರು. 2022ರಲ್ಲಿ ಮತ್ತೆ ಕೂಗಿದರು. ತಲೆಗೆ ಪೆಟ್ಟು ಬಿದ್ದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲ ಗೋವಾ. ಬದುಕಬೇಕಾದರೆ ಮೊದಲು ಜಿಲ್ಲೆ ದಾಟಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಉದ್ಘಾಟನೆಗೆ ಒಳ್ಳೆ ದಿನ ಸಿಗುತ್ತಿಲ್ಲ ಅನ್ನುವುದೇ ತೊಂದರೆಯಾದರೆ ಹೇಳಿ ಸಾಹೇಬರೆ. ಆ ಭಟ್ಟರು ಖಾಲಿ ಇದ್ದಾರೆ.