ಎರಡು ಸೆಲ್ಲು, ಹನ್ನೊಂದು ಮೀನು

ಕರೆಂಟು ಹೋದ ಹತ್ತನೆಯ ನಿಮಿಷದಲ್ಲಿ, ಇಂಥ ರಾತ್ರಿಗೆಂದೇ ಎರಡು ವರ್ಷಗಳಿಂದ ಕಪಾಟಿನಲ್ಲಿ ಕಾದಿರಿಸಿದ್ದ ಬ್ಯಾಟರಿ ಪಂಪನ್ನು ಟಾರ್ಚಿನ ಬೆಳಕಿನಲ್ಲಿ ಹುಡುಕಿ ತೆಗೆದು, ಅದರ ನಳಿಕೆಯನ್ನು ಅಕ್ವೇರಿಯಮ್ಮಿನೊಳಕ್ಕೆ ಇಳಿಬಿಟ್ಟು, ಗುಂಡಿಯನ್ನು ಒತ್ತಿದೆ. ಏನೂ ಆಗಲಿಲ್ಲ. ಹಿಂಬದಿಯ ಮುಚ್ಚಳವನ್ನು ತೆರೆದು ನೋಡಿದರೆ ಎರಡು ಸೆಲ್ಲುಗಳಿರಬೇಕಾದ ಜಾಗ ಖಾಲಿಯಾಗಿತ್ತು. ಅವು ಎಲ್ಲಿಗೆ ಹೋಗಿವೆಯೆಂದು ಪತ್ತೆಹಚ್ಚಲು ಹೆಚ್ಚು ಶ್ರಮಪಡಬೇಕಾಗಲಿಲ್ಲ; ಒಂದು ನಡುಮನೆಯ ಗೋಡೆ ಗಡಿಯಾರದಲ್ಲಿಯೂ ಇನ್ನೊಂದು ಅಡುಗೆಮನೆಯ ಗಡಿಯಾರದಲ್ಲಿಯೂ ಸಂಸಾರ ಹೂಡಿದ್ದವು. ಮನೆಯಲ್ಲಿ ಆ ಹೊತ್ತಿಗೆ ಸಮಯಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಆಮ್ಲಜನಕಕ್ಕೆ.

ಸ್ಟೂಲು ಹತ್ತಿ ಎರಡನ್ನೂ ಕಿತ್ತು ತಂದು ಪಂಪಿಗೆ ಹಾಕಿದೆ. ಅದು ಮುದುಕನಂತೆ ಕೆಮ್ಮಿ, ನಾಲ್ಕು ಗುಳ್ಳೆಗಳನ್ನು ಬಿಟ್ಟು, ಸುಮ್ಮನಾಯಿತು. ಗೋಡೆ ಗಡಿಯಾರವೆಂಬುದು ಬಹಳ ಅಲ್ಪತೃಪ್ತ ಯಂತ್ರ. ಮುಕ್ಕಾಲು ಸತ್ತ ಸೆಲ್ಲಿನಲ್ಲಿಯೂ ಅದು ತಿಂಗಳುಗಟ್ಟಲೆ ಕಾಲ ಹಾಕುತ್ತದೆ. ಮೋಟಾರು ಹಾಗಲ್ಲ. ಪಂಪಿನಲ್ಲಿ ದಣಿದ ಸೆಲ್ಲನ್ನು ಗಡಿಯಾರಕ್ಕೆ ಹಾಕಬಹುದೇ ಹೊರತು ಗಡಿಯಾರದಲ್ಲಿ ದಣಿದದ್ದನ್ನು ಪಂಪಿಗೆ ಹಾಕಿ ಪ್ರಯೋಜನವಿಲ್ಲವೆಂಬ ಈ ಸರಳ ಸಂಗತಿಯನ್ನು ನಮ್ಮ ಮನೆಯವರಿಗೆ ನಾನು ಹಲವು ಬಾರಿ ವಿವರಿಸಿದ್ದೇನೆ. ಮೊಬೈಲಿನ ಪವರ್ ಬ್ಯಾಂಕಿಗೆ ಇನ್ನೊಂದು ಪುಟ್ಟ ಪಂಪನ್ನು ಸಿಕ್ಕಿಸುವ ಉಪಾಯವನ್ನೂ ಹಿಂದೊಮ್ಮೆ ಮಾಡಿ ನೋಡಿದ್ದೆ; ಪಂಪು ಎಳೆಯುವ ವಿದ್ಯುತ್ತು ತೀರ ಕಡಿಮೆಯಾದದ್ದರಿಂದ, ತನಗೆ ಯಾರೂ ಅಂಟಿಕೊಂಡಿಲ್ಲವೆಂದು ತಿಳಿದ ಆ ಬುದ್ಧಿವಂತ ಪೆಟ್ಟಿಗೆ ಸ್ವಲ್ಪ ಹೊತ್ತಿಗೆಲ್ಲ ತಾನಾಗಿಯೇ ನಿದ್ರೆಹೋಗಿತ್ತು.

ಸಿದ್ಧತೆಯಿಲ್ಲದವನೆಂದು ನನ್ನನ್ನು ಯಾರೂ ಆಡಿಕೊಳ್ಳಬಾರದು. ಇದಕ್ಕೆ ಮುಂಚಿನ ಸಿದ್ಧತೆಯ ಕಥೆಯನ್ನು ಹೇಳಲೇಬೇಕು. ಮೊದಮೊದಲು ನಾನು ಗಾಳಿ ಪಂಪನ್ನು ಕಣ್ಣಿಗೆ ಬೀಳದಿರಲೆಂದು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಅಡಗಿಸಿದ್ದೆ. ಒಂದು ಸಂಜೆ ಕರೆಂಟು ಹೋಗಿ ಸುಮಾರು ಹೊತ್ತಾದ ಮೇಲೆ ನೆಲದ ಮೇಲೆ ಕಾಲಿಟ್ಟರೆ ಪಚಕ್ಕೆಂದಿತು. ನಾನು ಮೊದಲು ಸಂಶಯಪಟ್ಟದ್ದು ಸೂರನ್ನು. ಕುರ್ಚಿ ಹತ್ತಿ ಸೂರನ್ನೆಲ್ಲ ಮುಟ್ಟಿ ನೋಡಿದೆ, ಒಣಗಿತ್ತು. ಅನಂತರ ಬಚ್ಚಲಿನ ಕೊಳವೆಯನ್ನು ಶಂಕಿಸಿದೆ, ಆಮೇಲೆ ನೆಲ ಒರೆಸಿದವರನ್ನು, ಕೊನೆಗೆ ಮನೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡಿದೆ. ಅವರಲ್ಲಿ ಎಲ್ಲರಿಗಿಂತ ಚಿಕ್ಕವನು, ವಿಚಾರಣೆಯಲ್ಲಿ ಆಸಕ್ತಿ ಕಳೆದುಕೊಂಡು ಗಾಜಿನ ಕಡೆ ತಿರುಗಿ, ಮೀನುಗಳು ಯಾಕೆ ಇಷ್ಟು ಕೆಳಗಿವೆಯೆಂದು ಕೇಳಿದ. ತೊಟ್ಟಿಯ ನೀರು ನಾಲ್ಕು ಬೆರಳು ಇಳಿದುಹೋಗಿತ್ತು. ಪಂಪು ನಿಂತೊಡನೆ ಗಾಳಿಯ ನಳಿಕೆಯೊಳಕ್ಕೆ ನೀರು ನುಗ್ಗಿ, ಅಂಚನ್ನು ದಾಟಿ, ಕೆಳಗಿದ್ದ ಪಂಪಿನ ಮೂಲಕ ನೆಲಕ್ಕೆ ಇಳಿಯತೊಡಗಿತ್ತು. ನಳಿಕೆಯ ತುದಿಯ ಗಾಳಿಕಲ್ಲು ತೊಟ್ಟಿಯ ತಳದಲ್ಲಿದ್ದದ್ದರಿಂದ, ಯಾರೂ ನೋಡದೆ ಹೋಗಿದ್ದರೆ ತಳದವರೆಗೂ ಇಳಿಯುತ್ತಿತ್ತು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಬೇಕು, ಇಲ್ಲವೇ ನಳಿಕೆಯ ನಡುವೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಅರ್ಧ ಬೆರಳುದ್ದದ ಚೆಕ್ ವಾಲ್ವನ್ನು ಹಾಕಬೇಕು ಎಂಬುದು ಮೀನು ಸಾಕುವವರೆಲ್ಲರಿಗೂ ಗೊತ್ತಂತೆ. ಗೊತ್ತಿದ್ದವರು ನನಗೆ ಹೇಳಿದ್ದು ನೆಲ ಒರೆಸಿದ ಮೇಲೆ.

ಮರುದಿನವೇ ಆ ವಾಲ್ವನ್ನು ತಂದು ಹಾಕಿದೆ. ಗಾಳಿ ಬರುವುದೇ ನಿಂತುಹೋಯಿತು. ಪಂಪು ಒದ್ದೆಯಾಗಿ ಕೆಟ್ಟಿರಬೇಕೆಂದು ನಿರ್ಧರಿಸಿ ಹೊಸ ಪಂಪನ್ನು ತಂದೆ, ಅದೂ ಊದಲಿಲ್ಲ. ಅಂಗಡಿಯವರೊಡನೆ ಸ್ವಲ್ಪ ಏರುದನಿಯಲ್ಲಿಯೇ ಮಾತನಾಡಿ ಬಂದ ಮೇಲೆ, ವಾಲ್ವಿನ ಮೈಮೇಲೆ ಬಾಣದ ಗುರುತೊಂದಿದೆಯೆಂದೂ ಅದು ತೊಟ್ಟಿಯ ಕಡೆಗೆ ತಿರುಗಿರಬೇಕೆಂದೂ ತಿಳಿಯಿತು. ಆ ಬಾಣವನ್ನು ಅಷ್ಟು ಚಿಕ್ಕದಾಗಿ, ಅದೂ ಪ್ಲಾಸ್ಟಿಕ್ಕಿನ ಬಣ್ಣದಲ್ಲಿಯೇ ಕೆತ್ತುವವರ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಆ ಅಂಗಡಿಗೆ ನಾನು ಮತ್ತೆ ಹೋಗಿಲ್ಲ, ಹೋಗುವ ಮುಖವೂ ಇಲ್ಲ.

ಈಗ ಕತ್ತಲೆಗೆ ಮರಳುತ್ತೇನೆ. ಹನ್ನೊಂದು ಮೀನುಗಳಲ್ಲಿ ಹತ್ತು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದ್ದವು. ಸೆಕೆಯ ರಾತ್ರಿ ಬೇರೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಏಳೂವರೆಯ ಆಸುಪಾಸಿಗೇ ಕೈಚೆಲ್ಲುತ್ತದೆ. ಹಗಲೆಲ್ಲ ಆಮ್ಲಜನಕ ದಾನಮಾಡಿ ಹೊಗಳಿಸಿಕೊಳ್ಳುವ ಜಲಸಸ್ಯಗಳು ಕತ್ತಲಾದೊಡನೆ ಅದೇ ಆಮ್ಲಜನಕಕ್ಕೆ ಮೀನುಗಳ ಜೊತೆ ಸಾಲಿನಲ್ಲಿ ನಿಲ್ಲುತ್ತವೆ. ಹನ್ನೊಂದನೆಯದಾದ ಗೌರಾಮಿ ಮಾತ್ರ ಯಾವ ಗಾಬರಿಯೂ ಇಲ್ಲದೆ ಮೇಲೆ ಬಂದು, ನೇರವಾಗಿ ಗಾಳಿಯನ್ನೇ ಒಂದು ಗುಟುಕು ನುಂಗಿ, ಕೆಳಗೆ ಹೋಗಿ ಮಲಗುತ್ತಿತ್ತು. ಅದರ ತಲೆಯೊಳಗೆ ಹಾಗೆ ಉಸಿರಾಡಲೆಂದೇ ಒಂದು ಅಂಗವಿದೆ. ಹನ್ನೊಂದೂ ಗೌರಾಮಿಗಳೇ ಆಗಿದ್ದರೆ ನಾನೂ ಮಲಗಿರುತ್ತಿದ್ದೆ.

ಗುಳ್ಳೆಯೊಳಗಿನ ಗಾಳಿಗಿಂತ ಆ ಗುಳ್ಳೆ ಮೇಲ್ಮೈಯನ್ನು ಕಲಕುವುದೇ ಹೆಚ್ಚು ಉಪಕಾರಿ ಎಂಬುದು ನೆನಪಾಗಿ, ಒಂದು ಚೊಂಬನ್ನು ತಂದು, ತೊಟ್ಟಿಯ ನೀರನ್ನೇ ಮೊಗೆದು ಒಂದು ಮೊಳ ಎತ್ತರದಿಂದ ಅದಕ್ಕೇ ಸುರಿಯತೊಡಗಿದೆ. ಮೊಗೆಯುವುದು, ಸುರಿಯುವುದು, ಮತ್ತೆ ಮೊಗೆಯುವುದು, ಮತ್ತೆ ಸುರಿಯುವುದು. ಐದು ನಿಮಿಷಕ್ಕೆ ತೋಳು ನೊಂದಿತು, ಹತ್ತು ನಿಮಿಷಕ್ಕೆ ಮೀನುಗಳು ಕೆಳಗಿಳಿದವು. ಅಕ್ವೇರಿಯಮ್ಮು ಮನಸ್ಸಿಗೆ ಶಾಂತಿ ಕೊಡುತ್ತದೆಂದು ಎಲ್ಲರೂ ಹೇಳುತ್ತಾರಲ್ಲ, ಅವರನ್ನು ಒಬ್ಬೊಬ್ಬರನ್ನಾಗಿ ಈ ಹೊತ್ತಿನಲ್ಲಿ ಕರೆಸಿ ಕೈಗೆ ಚೊಂಬು ಕೊಡಬೇಕೆನ್ನಿಸಿತು. ಆದರೆ ಅರ್ಧ ಗಂಟೆಯ ಹೊತ್ತಿಗೆ ತೋಳಿನ ನೋವು ಮರೆತು, ಬೀಳುವ ನೀರಿನ ಸದ್ದೊಂದೇ ಉಳಿದು, ನಾನು ಈ ಮೀನುಗಳನ್ನು ಯಾಕೆ ಸಾಕುತ್ತಿದ್ದೇನೆಂಬುದಕ್ಕೆ ಒಂದು ಉತ್ತರ ಇನ್ನೇನು ಹೊಳೆಯುವುದರಲ್ಲಿತ್ತು.

ಅಷ್ಟರಲ್ಲಿ ಕರೆಂಟು ಬಂತು. ಬಂದದ್ದೇ ತಡ, ಓಡಿಹೋಗಿ ಫಿಲ್ಟರಿನ ಸ್ವಿಚ್ಚನ್ನು ಆರಿಸಿದೆ. ಮುಚ್ಚಿದ ಫಿಲ್ಟರಿನೊಳಗೆ ನೀರು ಗಂಟೆಗಟ್ಟಲೆ ನಿಂತರೆ, ತ್ಯಾಜ್ಯವನ್ನು ತಿಂದು ನಮ್ಮನ್ನು ಕಾಯುವ ಬ್ಯಾಕ್ಟೀರಿಯಾಗಳು ಉಸಿರುಕಟ್ಟಿ ಸಾಯುತ್ತವೆ; ತೊಳೆಯದೆ ಚಾಲೂ ಮಾಡಿದರೆ ಆ ಕೊಳಕೆಲ್ಲ ಒಮ್ಮೆಲೇ ತೊಟ್ಟಿಗೆ ಬೀಳುತ್ತದೆ. ತೊಳೆಯುವುದನ್ನೂ ನಲ್ಲಿಯ ನೀರಿನಲ್ಲಿ ಮಾಡುವಂತಿಲ್ಲ, ಅದರ ಕ್ಲೋರಿನ್ನು ಬದುಕುಳಿದವನ್ನೂ ಕೊಂದೀತು. ಹೀಗಾಗಿ ತೊಟ್ಟಿಯ ನೀರನ್ನು ಬಕೆಟ್ಟಿಗೆ ತೆಗೆದು, ನೆಲದ ಮೇಲೆ ಕುಳಿತು, ಸ್ಪಂಜನ್ನು ಹಿಂಡುತ್ತ ಬೆಳಗು ಮಾಡಿದೆ. ಹೊಳೆಯಬೇಕಾಗಿದ್ದ ಉತ್ತರ ಮತ್ತೆ ಬರಲಿಲ್ಲ.

ಬೆಳಿಗ್ಗೆ ನಾನು ಎದ್ದಾಗ ಮನೆಯಲ್ಲಿ ಎರಡೂ ಗಡಿಯಾರಗಳು ಒಂದೇ ರಾತ್ರಿ ಕೆಟ್ಟದ್ದು ಹೇಗೆಂಬ ಚರ್ಚೆ ನಡೆದಿತ್ತು. ಎರಡಕ್ಕೂ ಹೊಸ ಸೆಲ್ಲುಗಳನ್ನು ಹಾಕಿಯಾಗಿತ್ತು. ಬ್ಯಾಟರಿ ಪಂಪಿನಲ್ಲಿ ಸೆಲ್ಲುಗಳು ಇದ್ದೇ ಇವೆಯೆಂದು ಯಾರೋ ಅದನ್ನು ಒರೆಸಿ ಜೋಪಾನವಾಗಿ ಕಪಾಟಿಗೆ ಸೇರಿಸಿದ್ದರು.